ಕೆಟಲಿನ ಕಥೆಯೂ ಉಗಿಯಂತ್ರದ ಚರಿತ್ರೆಯೂ

ಸ್ಕಾಟ್ಲೆಂಡಿನ ಒಂದು ಮನೆ. ಒಲೆಯ ಮೇಲೆ ಚಹಾದ ಕೆಟಲು ಕುದಿಯುತ್ತಿದೆ. ಹಬೆಯ ನೂಕಿಗೆ ಮುಚ್ಚಳವು ಎದ್ದೆದ್ದು ಬೀಳುತ್ತಿದೆ. ಅದನ್ನೇ ನೆಟ್ಟ ದೃಷ್ಟಿಯಿಂದ ನೋಡುತ್ತ ಕುಳಿತ ಬಾಲಕ ಜೇಮ್ಸ್ ವಾಟನಿಗೆ, ‘ಮುಚ್ಚಳವನ್ನೆತ್ತುವ ಈ ಶಕ್ತಿಯು ಬಂಡಿಯನ್ನೇಕೆ ಎಳೆಯಬಾರದು?’ ಎಂಬ ವಿಚಾರವು ಥಟ್ಟನೆ ಹೊಳೆಯುತ್ತದೆ. ಲೋಕಕ್ಕೆ ಉಗಿಯಂತ್ರವು ದೊರೆಯುತ್ತದೆ. ಈ ಕಥೆಯನ್ನು ಬಾಲ್ಯದಲ್ಲಿ ಕೇಳದವರು ಈ ಪತ್ರಿಕೆಯ ವಾಚಕರಲ್ಲಿ ವಿರಳ. ನಾನೂ ಕೇಳಿದೆನು, ಉಪಾಧ್ಯಾಯನಾದ ಮೇಲೆ ಮೂವತ್ತು ವರ್ಷಗಳ ಕಾಲ ಹಲಗೆಯ ಮೇಲೆ ಕೆಟಲಿನ ಚಿತ್ರವನ್ನು ಬರೆದು ಇದನ್ನೇ ಹೇಳಿದೆನು. ಈಗ ಹೇಳುತ್ತೇನೆ: ಈ ಕಥೆಯು ಸುಳ್ಳು, ಬರಿಯ ಸುಳ್ಳಲ್ಲ, ಕೇಡು ಮಾಡುವ ಸುಳ್ಳು. ಇದನ್ನು ನಮ್ಮ ಮಕ್ಕಳ ಪಾಠದಿಂದ ತೆಗೆದುಹಾಕಬೇಕು.

ಇದರ ಕೇಡು ನನಗೆ ಗೊತ್ತಾದುದು ಗ್ರಂಥಾವಲೋಕನದಿಂದಲ್ಲ, ಒಬ್ಬ ಹುಡುಗನ ಪ್ರಶ್ನೆಯಿಂದ. ಅವನ ತಾಯಿ ಬಸ್ಸುನಿಲ್ದಾಣದ ಬಳಿ ಇಡ್ಲಿ ಮಾರಿ ಜೀವನ ಮಾಡುತ್ತಿದ್ದವಳು. ಪಾಠವು ಮುಗಿಯುತ್ತಲೇ ಹುಡುಗನು ಎದ್ದುನಿಂತು, “ಮೇಷ್ಟ್ರೇ, ನಮ್ಮವ್ವ ದಿನಾ ನಾಲ್ಕು ಗಂಟೆಗೇ ಎದ್ದು ಇಡ್ಲಿ ಪಾತ್ರೆ ಇಡ್ತಾಳೆ, ಮುಚ್ಚಳ ದಿನಾ ಕುಣಿಯುತ್ತೆ. ಅವಳಿಗ್ಯಾಕೆ ಏನೂ ಹೊಳೀಲಿಲ್ಲ?” ಎಂದು ಕೇಳಿದನು. ತರಗತಿಯು ನಕ್ಕಿತು. ನಾನೂ ನಕ್ಕು, “ಅಂಥ ಪ್ರತಿಭಾವಂತರು ನೂರು ವರ್ಷಕ್ಕೊಬ್ಬರು ಹುಟ್ಟುತ್ತಾರಪ್ಪ, ಕೂತುಕೋ” ಎಂದೆನು. ಅವನು ಕುಳಿತುಕೊಂಡನು, ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಹೊಳೆಯುವವರ ಪಂಗಡವೊಂದು, ಹೊಳೆಯದವರ ಪಂಗಡವೊಂದು, ನೀನೂ ನಿನ್ನ ತಾಯಿಯೂ ಎರಡನೆಯ ಪಂಗಡದವರು ಎಂದು ನಾನು ಅವನಿಗೆ ಕಲಿಸಿದಂತಾಯಿತು. ನಿಜವಾದ ಉತ್ತರವು ಚರಿತ್ರೆಯಲ್ಲಿತ್ತು. ಅದನ್ನು ನಾನು ಓದಿರಲಿಲ್ಲ.

ಆ ಚರಿತ್ರೆಯಾದರೂ ಏನು? ಜೇಮ್ಸ್ ವಾಟನು ಜನಿಸಿದುದು 1736ರಲ್ಲಿ. ಅದಕ್ಕೆ 24 ವರ್ಷ ಮೊದಲೇ, 1712ರಲ್ಲಿ, ಇಂಗ್ಲೆಂಡಿನ ಡಡ್ಲಿ ಕೋಟೆಯ ಸಮೀಪದ ಕಲ್ಲಿದ್ದಲ ಗಣಿಯೊಂದರಲ್ಲಿ ಉಗಿಯಂತ್ರವು ಕೆಲಸ ಮಾಡುತ್ತಿತ್ತು. ಅದನ್ನು ನಿಲ್ಲಿಸಿದವನು ಡಾರ್ಟ್‌ಮತ್ ಎಂಬ ಊರಿನಲ್ಲಿ ಕಬ್ಬಿಣದ ಸಾಮಾನುಗಳ ವ್ಯಾಪಾರ ಮಾಡುತ್ತಿದ್ದ ಥಾಮಸ್ ನ್ಯೂಕಮೆನ್. ಗಣಿಗಳೊಳಗೆ ನೀರು ನುಗ್ಗಿ ಕೆಲಸವು ನಿಲ್ಲುತ್ತಿದ್ದುದನ್ನು ಅವನು ಬಲ್ಲವನಾಗಿದ್ದನು. 1698ರಲ್ಲಿ ಥಾಮಸ್ ಸೇವರಿ ಎಂಬವನು ಹಬೆಯಿಂದ ನೀರೆತ್ತುವ ಉಪಾಯವೊಂದಕ್ಕೆ ರಾಜಪತ್ರವನ್ನು ಪಡೆದಿದ್ದನಾದರೂ, ಆಳವಾದ ಗಣಿಗೆ ಅದು ಸಾಲಲಿಲ್ಲ. ನ್ಯೂಕಮೆನ್ನನು ಜಾನ್ ಕ್ಯಾಲಿ ಎಂಬ ಕುಶಲಕರ್ಮಿಯೊಡನೆ ವರ್ಷಗಟ್ಟಲೆ ದುಡಿದು, ಕಟ್ಟಿ, ಕೆಡಿಸಿ, ಮತ್ತೆ ಕಟ್ಟಿ, ಕೊನೆಗೆ 21 ಅಂಗುಲ ವ್ಯಾಸದ ಸಿಲಿಂಡರುಳ್ಳ ಯಂತ್ರವನ್ನು ನಡೆಯಿಸಿದನು. ಅದು ನಿಮಿಷಕ್ಕೆ 12 ಸಲ ತೂಗಿ, ಸಲಕ್ಕೆ 10 ಗ್ಯಾಲನ್ ನೀರನ್ನು ಸುಮಾರು 150 ಅಡಿಗಳ ಆಳದಿಂದ ಮೇಲಕ್ಕೆತ್ತುತ್ತಿತ್ತು. ನ್ಯೂಕಮೆನ್ನನು 1729ರಲ್ಲಿ ತೀರಿಕೊಂಡನು. ಅವನ ಸಮಾಧಿಯ ಸ್ಥಳವೂ ಈಗ ತಿಳಿಯದು. ಕೆಟಲಿನ ಮುಂದೆ ಕುಳಿತ ಬಾಲಕನು ಆಗಿನ್ನೂ ಹುಟ್ಟಿರಲಿಲ್ಲ.

ಇನ್ನು ಆ ಯಂತ್ರದ ಒಳಗುಟ್ಟನ್ನು ನೋಡೋಣ. ನಮ್ಮ ತೋಟಗಳ ಏತವನ್ನು ನೆನೆದುಕೊಂಡರೆ ಸಾಕು. ನಡುವೆ ತೂಗುವ ಒಂದು ದೊಡ್ಡ ತೊಲೆ. ಅದರ ಒಂದು ತುದಿಗೆ ಗಣಿಯ ಪಂಪಿನ ಸರಳು, ಇನ್ನೊಂದು ತುದಿಗೆ ಸಿಲಿಂಡರಿನೊಳಗೆ ಆಡುವ ಪಿಸ್ಟನ್ನು. ಸರಳಿನ ಭಾರಕ್ಕೆ ಪಿಸ್ಟನ್ನು ಮೇಲೇರುವಾಗ ಸಿಲಿಂಡರಿನಲ್ಲಿ ಹಬೆ ತುಂಬುವುದು. ನೀರು ಹಬೆಯಾದಾಗ ಸುಮಾರು 1,600 ಪಟ್ಟು ಸ್ಥಳವನ್ನು ಆಕ್ರಮಿಸುತ್ತದೆಯಷ್ಟೆ? ಒಳಕ್ಕೆ ತಣ್ಣೀರನ್ನು ಚಿಮ್ಮಿಸಿದೊಡನೆ ಆ ಹಬೆಯು ತಣಿದು ಮತ್ತೆ ಸ್ವಲ್ಪವೇ ನೀರಾಗುವುದು. ಒಳಗೆ ನಿರ್ವಾತ, ಹೊರಗೆ ಚದರ ಅಂಗುಲಕ್ಕೆ ಸುಮಾರು 15 ಪೌಂಡು ತೂಕದಿಂದ ಒತ್ತುವ ವಾಯುಮಂಡಲ. ಆ ಗಾಳಿಯ ಭಾರವೇ ಪಿಸ್ಟನ್ನನ್ನು ಕೆಳಕ್ಕೊತ್ತುವುದು. ಏತದ ಇನ್ನೊಂದು ತುದಿ ಎದ್ದು ನೀರು ಮೇಲಕ್ಕೆ ಬರುವುದು. ಇಲ್ಲಿ ಹಬೆಯು ನೂಕುವ ಕೆಲಸವನ್ನು ಮಾಡಲಿಲ್ಲ. ತಾನು ಮಾಯವಾಗಿ ಗಾಳಿಗೆ ಎಡೆ ಮಾಡಿಕೊಟ್ಟಿತು. ಮುಚ್ಚಳವನ್ನು ನೂಕಿ ಎಬ್ಬಿಸುವ ಕೆಟಲಿಗೂ ಈ ಯಂತ್ರಕ್ಕೂ ಯಾವ ಸಾದೃಶ್ಯ? ಆದುದರಿಂದ ಕೆಟಲಿನ ಕಥೆಯು ಚರಿತ್ರೆಯಲ್ಲಿ ತಪ್ಪಿದುದಲ್ಲದೆ ಪದಾರ್ಥವಿಜ್ಞಾನದಲ್ಲಿಯೂ ತಪ್ಪಿದೆ.

ಕಥೆಯ ಮೂಲವನ್ನು ಶೋಧಿಸಿದರೆ ಇನ್ನೂ ಆಶ್ಚರ್ಯವಾಗುತ್ತದೆ. ವಾಟನ ಬಂಧುವಾದ ಮಹಿಳೆಯೊಬ್ಬಳು 1798ರಲ್ಲಿ, ಎಂದರೆ ಅವನ ಬಾಲ್ಯವು ಕಳೆದು ಸುಮಾರು ಐವತ್ತು ವರ್ಷಗಳಾದ ಮೇಲೆ, ಬರೆಯಿಸಿದ ನೆನಪೊಂದಿದೆ. ಅದರಲ್ಲಿ ಹುಡುಗನು ಹಬೆಗೆ ಬಟ್ಟಲನ್ನೂ ಬೆಳ್ಳಿಯ ಚಮಚವನ್ನೂ ಅಡ್ಡ ಹಿಡಿದು, ತಣಿದು ಬೀಳುವ ಹನಿಗಳನ್ನು ನೋಡುತ್ತಿದ್ದನೆಂದೂ, ಸೋಮಾರಿಯೆಂದು ಅತ್ತೆಯಿಂದ ಬೈಸಿಕೊಂಡನೆಂದೂ ಇದೆ. 1830ರ ದಶಕದಲ್ಲಿ ಫ್ರಾನ್ಸಿನ ಪಂಡಿತ ಅರಾಗೋ ವಾಟನ ಪ್ರಶಸ್ತಿಯನ್ನು ಬರೆಯುವಾಗ ಇದನ್ನು ಎತ್ತಿಕೊಂಡನು. ಅಲ್ಲಿಂದ ಅದು ದೇಶದೇಶಗಳಿಗೆ ಹರಡಿತು. ಹರಡುತ್ತ ಹರಡುತ್ತ ಬಟ್ಟಲೂ ಹನಿಯೂ ಬಿಟ್ಟುಹೋದವು, ಕುಣಿಯುವ ಮುಚ್ಚಳವು ಉಳಿದುಕೊಂಡಿತು. ಮೂಲದಲ್ಲಿದ್ದ ಎಳ್ಳಿನಷ್ಟು ಸತ್ಯವನ್ನೂ ಪಾಠಕಾರರು ಸೋಸಿ ಚೆಲ್ಲಿದರು.

ಇಲ್ಲಿ ಪೂರ್ವಪಕ್ಷಿಯು ಎದ್ದು ಹೇಳುವನು: “ಮಹನೀಯನೊಬ್ಬನ ಕೀರ್ತಿಗೆ ಕಲ್ಲೆಸೆಯುವುದೇತಕ್ಕೆ?” ಕಲ್ಲೆಸೆಯುತ್ತಿಲ್ಲ, ಸ್ವಾಮಿ. ವಾಟನ ನಿಜವಾದ ಹಿರಿಮೆಯನ್ನು ಕೆಟಲಿನ ಹಬೆಯು ಮರೆಮಾಡಿದೆಯೆಂಬುದೇ ನನ್ನ ಆಕ್ಷೇಪ. 1763-64ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ಉಪಕರಣಗಳನ್ನು ದುರಸ್ತು ಮಾಡುತ್ತಿದ್ದ ಅವನ ಕೈಗೆ ನ್ಯೂಕಮೆನ್ ಯಂತ್ರದ ಒಂದು ಪುಟ್ಟ ಮಾದರಿಯು ಬಂದಿತು. ನಾಲ್ಕಾರು ಸಲ ತೂಗಿ ಅದು ನಿಂತುಬಿಡುತ್ತಿತ್ತು. ಇತರರಾಗಿದ್ದರೆ ಸರಿಪಡಿಸಿ ಕೂಲಿಯನ್ನು ತೆಗೆದುಕೊಳ್ಳುತ್ತಿದ್ದರು. ಇವನಾದರೋ ಏಕೆ ನಿಲ್ಲುತ್ತದೆಂದು ಅಳೆದನು, ತೂಗಿದನು. ಒಂದೇ ಸಿಲಿಂಡರನ್ನು ಕಾಯಿಸುವುದು, ಅದನ್ನೇ ತಣಿಸುವುದು, ಮತ್ತೆ ಕಾಯಿಸುವುದು: ಹಬೆಯ ಬಹುಭಾಗವು ಇದಕ್ಕೇ ವ್ಯಯವಾಗುತ್ತಿತ್ತು. 1765ರ ಮೇ ತಿಂಗಳಲ್ಲಿ ಪರಿಹಾರವು ಕಂಡಿತು. ಹಬೆಯನ್ನು ತಣಿಸುವುದಕ್ಕೆ ಕಂಡೆನ್ಸರೆಂಬ ಬೇರೊಂದು ಪಾತ್ರೆಯನ್ನಿಟ್ಟರೆ ಸಿಲಿಂಡರು ಸದಾ ಬಿಸಿಯಾಗಿಯೇ ಇರುವುದು. ಇಂಧನದಲ್ಲಿ ಸುಮಾರು ಮುಕ್ಕಾಲು ಪಾಲಿನ ಉಳಿತಾಯ. ಹೊಳೆದುದು ನಿಜ, ಆದರೆ ಅದು ಎರಡು ವರ್ಷ ಅಳೆದ ಕೈಗೆ ಹೊಳೆದುದು. ಹೊಳೆದ ಮೇಲೂ ಗಣಿಯಲ್ಲಿ ಯಂತ್ರವು ನಡೆಯುವುದಕ್ಕೆ 1776ರ ವರೆಗೆ ಕಾಯಬೇಕಾಯಿತು. ಹಬೆ ಸೋರದಂತೆ ಸಿಲಿಂಡರನ್ನು ನಿಖರವಾಗಿ ಕೊರೆಯಬಲ್ಲವರು ಇರಲಿಲ್ಲ. ಫಿರಂಗಿಯ ನಳಿಗೆಯನ್ನು ಕೊರೆಯುವುದಕ್ಕೆಂದು ಜಾನ್ ವಿಲ್ಕಿನ್‌ಸನ್ 1774ರಲ್ಲಿ ನಿರ್ಮಿಸಿದ ಯಂತ್ರವು ಆ ಕೊರತೆಯನ್ನು ನೀಗಿಸಿತು. ಮ್ಯಾಥ್ಯೂ ಬೋಲ್ಟನ್ನನ ಬಂಡವಾಳವೂ ಕಾರ್ಖಾನೆಯೂ ಒದಗಿದವು. ಕಂಡೆನ್ಸರಿನ ಹಿಂದೆ ಎಷ್ಟು ಕೈಗಳಿದ್ದವೆಂಬುದನ್ನು ಎಣಿಸಿ ನೋಡಿ.

ಗುಣದೊಡನೆ ದೋಷವನ್ನೂ ಹೇಳಬೇಕಾದುದು ಚರಿತ್ರೆಯ ಧರ್ಮ. 1769ರಲ್ಲಿ ಪಡೆದ ತನ್ನ ಹಕ್ಕನ್ನು ವಾಟನು 1775ರಲ್ಲಿ ಪಾರ್ಲಿಮೆಂಟಿನ ಶಾಸನದಿಂದ 1800ರ ವರೆಗೆ ಬೆಳೆಯಿಸಿಕೊಂಡನು. ಅದನ್ನು ಮೀರಿದವರನ್ನು ನ್ಯಾಯಸ್ಥಾನಕ್ಕೆಳೆದನು. ಹೆಚ್ಚಿನ ಒತ್ತಡದ ಹಬೆಯನ್ನು ಅಪಾಯಕರವೆಂದು ದೂರವಿಟ್ಟನು. ಅವನ ಬಳಿಯಲ್ಲಿಯೇ ಕೆಲಸಕ್ಕಿದ್ದ ವಿಲಿಯಂ ಮರ್ಡಾಕನು 1784ರಲ್ಲಿ ಉಗಿಬಂಡಿಯ ಮಾದರಿಯೊಂದನ್ನು ಓಡಿಸಿದಾಗ ಒಡೆಯರಿಬ್ಬರೂ ಅವನಿಗೆ ಉತ್ತೇಜನ ಕೊಡಲಿಲ್ಲ. ಬಂಡಿಯನ್ನೇಕೆ ಎಳೆಯಬಾರದೆಂದು ಬಾಲ್ಯದಲ್ಲಿ ಕೇಳಿದನೆಂದು ನಾವು ಹೇಳುವವನು, ಬಂಡಿಯನ್ನೆಳೆಯಿಸಲು ಹೊರಟವನನ್ನು ತಡೆದನು! ಉಗಿಯು ಬಂಡಿಯನ್ನೆಳೆದುದು ಗಣಿಗಾರರ ನಾಡಾದ ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕನ ಕೈಯಿಂದ. 1804ರ ಫೆಬ್ರವರಿ 21ರಂದು ವೇಲ್ಸಿನ ಪೆನಿಡ್ಯಾರೆನ್ನಿನಲ್ಲಿ ಅವನ ಎಂಜಿನು 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಹೊತ್ತ ಬಂಡಿಗಳನ್ನು ಹಳಿಗಳ ಮೇಲೆ ಹತ್ತು ಮೈಲಿಗಳಿಗೆ ಸ್ವಲ್ಪ ಕಡಿಮೆ ದೂರ ಎಳೆದೊಯ್ದಿತು. ಇಲ್ಲಿ, ಕಟ್ಟಕಡೆಗೆ, ಕೆಟಲಿನ ಮುಚ್ಚಳದಂತೆ ಹಬೆಯೇ ನೂಕಿತು. ಆ ಟ್ರೆವಿಥಿಕನು 1833ರಲ್ಲಿ ಬಡತನದಲ್ಲಿ ಸತ್ತನು. ಶವಸಂಸ್ಕಾರದ ವೆಚ್ಚವನ್ನು ಜೊತೆಯ ಕೆಲಸಗಾರರು ಕೊಟ್ಟರು. ಹದಿನೆಂಟು ವರ್ಷದ ವರೆಗೆ ಓದುಬರಹವಿಲ್ಲದೆ ಗಣಿಯಲ್ಲಿ ಬೆಳೆದ ಜಾರ್ಜ್ ಸ್ಟೀಫನ್‌ಸನ್ನನೂ ಅವನ ಮಗ ರಾಬರ್ಟನೂ ಆ ದಾರಿಯಲ್ಲಿ ನಡೆದುದರಿಂದಲೇ 1825ರಲ್ಲಿ ಸ್ಟಾಕ್ಟನ್-ಡಾರ್ಲಿಂಗ್ಟನ್ ಹಳಿಯೂ 1830ರಲ್ಲಿ ಲಿವರ್‌ಪೂಲ್-ಮ್ಯಾಂಚೆಸ್ಟರ್ ಹಳಿಯೂ ತೆರೆದವು. 1853ರಲ್ಲಿ ಮುಂಬಯಿಗೂ 1864ರಲ್ಲಿ ಬೆಂಗಳೂರಿಗೂ ಹೊಗೆಬಂಡಿಯು ಬಂದಿತು. ಶಾಖದಿಂದ ಎಷ್ಟು ಕೆಲಸವನ್ನು ಪಡೆಯಬಹುದೆಂಬ ಶಾಸ್ತ್ರವನ್ನು ಸಾದಿ ಕಾರ್ನೋ ಬರೆದುದು 1824ರಲ್ಲಿ, ನ್ಯೂಕಮೆನ್ನನ ಯಂತ್ರಕ್ಕೆ 112 ವರ್ಷಗಳ ಮೇಲೆ. ಲಕ್ಷ್ಯವು ಮುಂದೆ, ಲಕ್ಷಣವು ಹಿಂದೆ.

ಎರಡನೆಯ ಪೂರ್ವಪಕ್ಷಿಯು ನನ್ನಂತೆಯೇ ಶಾಸ್ತ್ರವನ್ನು ಓದಿದವನು. “ಇದು ಅರ್ಥವಾದ. ಮಕ್ಕಳಿಗೆ ರುಚಿ ಹುಟ್ಟಿಸಲು ಹೇಳಿದುದು, ಅಕ್ಷರಶಃ ಗ್ರಹಿಸಬಾರದು” ಎನ್ನುವನು. ಒಪ್ಪಿದೆನು. ಆದರೆ ಮೀಮಾಂಸಕರ ಮತದಲ್ಲಿ ಅರ್ಥವಾದವು ಒಂದು ವಿಧಿಯನ್ನು ಹೊಗಳಿ ಸಾರ್ಥಕವಾಗಬೇಕಷ್ಟೆ? ಕೆಟಲಿನ ಕಥೆಯು ಹೊಗಳುವ ವಿಧಿ ಯಾವುದು? ‘ಸುಮ್ಮನೆ ನೋಡುತ್ತ ಕುಳಿತಿರು, ಪುಣ್ಯವಿದ್ದರೆ ಹೊಳೆಯುವುದು’ ಎಂಬುದೇ? ಅಳೆ, ಕೆಡಿಸು, ಮತ್ತೆ ಕಟ್ಟು, ಹಿಂದಿನವರು ಎಲ್ಲಿ ಸೋತರೆಂಬುದನ್ನು ಕೇಳು ಎಂಬುದೇ ವಿಧಿಯಾದರೆ, ಅದನ್ನು ಹೊಗಳುವುದಕ್ಕೆ ನ್ಯೂಕಮೆನ್ನನ ಕಥೆಯೇ ಇದೆ. ಅದು ಸತ್ಯವೂ ಆಗಿದೆ.

ಮೂರನೆಯವನು ನಗುತ್ತ, “ಉಗಿಯ ಯುಗವೇ ಮುಗಿಯಿತು; ಸತ್ತ ಎಂಜಿನಿಗಾಗಿ ಇಷ್ಟು ವಾದವೇ?” ಎನ್ನುವನು. ಉಗಿಬಂಡಿಯು ಹೋಯಿತು, ಉಗಿಯು ಹೋಗಲಿಲ್ಲ. ರಾಯಚೂರಿನ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲೂ ಕೈಗಾದ ಸ್ಥಾವರದಲ್ಲಿ ಪರಮಾಣುವೂ ಮಾಡುವ ಕೆಲಸ ನೀರನ್ನು ಹಬೆಯಾಗಿಸುವುದೇ; ಆ ಹಬೆಯು 1884ರಲ್ಲಿ ಚಾರ್ಲ್ಸ್ ಪಾರ್ಸನ್ಸನು ರೂಪಿಸಿದ ಮಾರ್ಗದಲ್ಲಿ ಟರ್ಬೈನನ್ನು ತಿರುಗಿಸಿದರೆ ವಿದ್ಯುತ್ತು. ಈ ಲೇಖನವನ್ನು ಓದುವ ನಿಮ್ಮ ದೀಪದ ಬೆಳಕಿನಲ್ಲಿ ಹಬೆಯ ಪಾಲೂ ಇದ್ದೀತು.

ಇನ್ನು ಪುಷ್ಪಕವಿಮಾನವೂ ಉಗಿಯಿಂದಲೇ ನಡೆಯುತ್ತಿತ್ತೆಂದು ಸಾಧಿಸುವ ನಮ್ಮ ಕೆಲವು ಪಂಡಿತರಿದ್ದಾರೆ. ಅವರಿಗೆ ಒಂದೇ ಮಾತು: ಫಲವನ್ನು ಹೇಳಿ ಪ್ರಯತ್ನವನ್ನು ಹೇಳದ ಕಥೆಯು ಕೆಟಲಿನ ಕಥೆಗೆ ಸೋದರನೇ. ಅದರಲ್ಲಿಯೂ ಕಮ್ಮಾರನಿಲ್ಲ, ಕೈಸುಟ್ಟುಕೊಂಡವನಿಲ್ಲ. ನಮ್ಮ ಪರಂಪರೆಯಿಂದ ಕಲಿಯಬೇಕಾದುದು ಬೇರೆ ಇದೆ. ಪಾಣಿನಿಯು ಸೂತ್ರವನ್ನು ರಚಿಸುವಾಗ ತನಗಿಂತ ಹಿಂದಿನ ಆಚಾರ್ಯರನ್ನು ಹೆಸರಿಸಿದನು. ಕಾತ್ಯಾಯನನು ವಾರ್ತಿಕದಿಂದ ಅದನ್ನು ಪರೀಕ್ಷಿಸಿದನು. ಪತಂಜಲಿಯು ಇಬ್ಬರನ್ನೂ ತೂಗಿ ಭಾಷ್ಯವನ್ನು ಬರೆದನು. ಉಗಿಯಂತ್ರಕ್ಕೆ ನ್ಯೂಕಮೆನ್ನನು ಸೂತ್ರಕಾರ, ವಾಟನು ವಾರ್ತಿಕಕಾರ, ಟ್ರೆವಿಥಿಕನೂ ಸ್ಟೀಫನ್‌ಸನ್ನರೂ ಭಾಷ್ಯಕಾರರು. ಕಾತ್ಯಾಯನನನ್ನು ಗೌರವಿಸುವುದಕ್ಕಾಗಿ ಪಾಣಿನಿಯನ್ನು ಮರೆಯಬೇಕೆಂದು ನಾನು ಓದಿದ ಪಾಠಶಾಲೆಯಲ್ಲಿ ಯಾರೂ ಹೇಳಿಕೊಡಲಿಲ್ಲ.

ಹಾಗಾದರೆ ಅಡುಗೆಮನೆಯನ್ನೇ ಪಾಠದಿಂದ ಬಿಡಬೇಕೆ? ಬೇಡ. ಕೆಟಲಿನ ಬದಲು ಕುಕ್ಕರನ್ನು ತೋರಿಸಿರಿ. ಬಿಗಿಮುಚ್ಚಳದ ಪಾತ್ರೆಯನ್ನು 1679ರಲ್ಲಿ ಲಂಡನಿನ ರಾಯಲ್ ಸೊಸೈಟಿಗೆ ತೋರಿಸಿದವನು ಡೆನಿಸ್ ಪಾಪಿನ್. ಒತ್ತಡವು ಮೀರಿದಾಗ ಹಬೆಯನ್ನು ಹೊರಬಿಡುವ ಭಾರದ ಬಿರಡೆಯೂ ಅವನದೇ. 1803ರಲ್ಲಿ ಗ್ರೀನಿಚ್ಚಿನಲ್ಲಿ ಟ್ರೆವಿಥಿಕನ ಬಾಯ್ಲರು ಸಿಡಿದು ನಾಲ್ವರು ಸತ್ತ ಮೇಲೆ, ಅತಿಯಾಗಿ ಕಾದರೆ ಕರಗಿ ದಾರಿ ಬಿಡುವ ಸೀಸದ ಬಿರಡೆಯನ್ನು ಅವನು ಬಾಯ್ಲರಿಗಿಟ್ಟನು. ನಿಮ್ಮ ಕುಕ್ಕರಿನ ಮುಚ್ಚಳದಲ್ಲಿ ಈ ಎರಡರ ಸಂತತಿಯೂ ಇದೆ. ಇಡ್ಲಿಯವಳ ಮಗನಿಗೆ ನಾನು ಹೇಳಬೇಕಾಗಿದ್ದ ಉತ್ತರವು ಇದು: “ಮುಚ್ಚಳವನ್ನು ನೋಡಿ ಯಾರಿಗೂ ಹೊಳೆಯಲಿಲ್ಲ, ಮಗು. ವಾಟನಿಗೂ ಹೊಳೆಯಲಿಲ್ಲ. ನಿಮ್ಮ ಅವ್ವನಂತೆ ಬೆಳಗಿನ ಜಾವ ಎದ್ದು ದುಡಿದವರು, ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿದು ಮಾಡಿದರು.”

ಆ ಹುಡುಗನು ಈಗ ಎಲ್ಲಿರುವನೋ ಅರಿಯೆನು. ಕಳೆದ ಬೇಸಗೆಯಲ್ಲಿ ನಮ್ಮ ಬೀದಿಯ ಮಕ್ಕಳನ್ನು ಜಗಲಿಗೆ ಕರೆದು, ತೊಳೆದಿಟ್ಟ ತಗಡಿನ ಎಣ್ಣೆಡಬ್ಬದಲ್ಲಿ ಒಂದು ಲೋಟ ನೀರನ್ನು ಕುದಿಸಿದೆನು. ಹಬೆಯು ಚೆನ್ನಾಗಿ ಹೊರಟ ಮೇಲೆ ಒಲೆಯಿಂದ ಇಳಿಸಿ, ಬಿರಡೆಯನ್ನು ಬಿಗಿದು, ಮೇಲೆ ಒಂದು ಚೊಂಬು ತಣ್ಣೀರನ್ನು ಸುರಿದೆನು. ಡಬ್ಬವು ಧಡಾರೆಂದು ನುಗ್ಗುನುಗ್ಗಾಯಿತು. ಹುಡುಗಿಯೊಬ್ಬಳು, “ತಾತ, ಯಾರೂ ಮುಟ್ಟಲೇ ಇಲ್ಲವಲ್ಲ! ಹಿಸುಕಿದ್ದು ಯಾರು?” ಎಂದು ಕೇಳಿದಳು. ಈ ಸಲ ನಾನು ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಮನೆಯಿಂದ ಇನ್ನೊಂದು ಡಬ್ಬವನ್ನು ತರುವಂತೆ ಹೇಳಿದೆನು.