ಕೊನೆಯ ಮನೆಯ ನಲ್ಲಿ

ಪ್ರಥಮ ಪಿಯುಸಿಯ ದ್ರವಗಳ ಪಾಠವನ್ನು ನಾವು ಅಂಕಕ್ಕಾಗಿ ಬಾಯಿಪಾಠ ಮಾಡುತ್ತೇವೆ. ಅದನ್ನು ಬೀದಿಯ ನಲ್ಲಿಯ ಮುಂದೆ ನಿಂತು ಓದಬೇಕೆಂಬುದು ನನ್ನ ಅಭಿಪ್ರಾಯ.

ನಿಂತ ನೀರು ಕೊಳವೆಯ ಗೋಡೆಯನ್ನು ಲಂಬವಾಗಿ ಮಾತ್ರ ತಳ್ಳುತ್ತದೆ, ಅದು ಒತ್ತಡ. ನೀರು ಹರಿಯತೊಡಗಿದರೆ ಪದರಗಳು ಒಂದನ್ನೊಂದು ಉಜ್ಜುತ್ತವೆ. ಸ್ನಿಗ್ಧತೆಯಿಂದ ಹುಟ್ಟುವ ಈ ಪೀಡನ ಗೋಡೆಯ ಉದ್ದಕ್ಕೆ ಎಳೆಯುತ್ತದೆ. ಆ ಎಳೆತವನ್ನು ಮೀರುವುದರಲ್ಲೇ ಒತ್ತಡ ಖರ್ಚಾಗುತ್ತದೆ. ಆದ್ದರಿಂದ ಎಲ್ಲ ನಲ್ಲಿಗಳೂ ಮುಚ್ಚಿದ್ದಾಗ ಸಮತಟ್ಟಾದ ಬೀದಿಯ ಎರಡೂ ತುದಿಗಳಲ್ಲಿ ಒತ್ತಡ ಒಂದೇ. ತೆರೆದಾಗ ಕೊನೆಯ ಮನೆಗೆ ಕಡಿಮೆ.

ಹೊಂಗಳ್ಳಿ, ಬೆಳಗೊಳಗಳಿಂದ ಕಾವೇರಿ ನೀರನ್ನು ಪಂಪು ಮಾಡಿ ಮೈಸೂರಿಗೆ ತರುತ್ತಾರೆ. ದಾರಿಯುದ್ದಕ್ಕೂ ಖರ್ಚಾಗಿ ಉಳಿದ ಒತ್ತಡವೇ ಕುಂಬಾರಕೊಪ್ಪಲಿನಂಥ ಬಡಾವಣೆಗಳ ಪಾಲು. ಅಂಥ ಬೀದಿಯಲ್ಲಿ ಒಬ್ಬರು ಕೊಳವೆಗೇ ನೇರವಾಗಿ ಮೋಟಾರ್ ಹಾಕಿ ಎಳೆದರೆ ಏನಾಗುತ್ತದೆ? ಅವರವರೆಗಿನ ಹರಿವು ಹೆಚ್ಚುತ್ತದೆ, ಎಳೆತವೂ ಹೆಚ್ಚುತ್ತದೆ, ಮುಂದಿನವರಿಗೆ ಒತ್ತಡವೇ ಉಳಿಯುವುದಿಲ್ಲ. ಅಲ್ಲಿ ಬಿಂದಿಗೆ ಹಿಡಿದು ಕಾಯುವವರು ಹೆಚ್ಚಾಗಿ ಸಂಪು ಕಟ್ಟಿಸಲು ಶಕ್ತಿಯಿಲ್ಲದ ಬಾಡಿಗೆಯವರು.

ಇದನ್ನು ಜಾಣತನ ಎನ್ನಲಾಗದು. ನೀರು ತಾನಾಗಿ ಸಂಪಿಗೆ ಬೀಳಲಿ, ಮೋಟಾರ್ ಅಲ್ಲಿಂದ ಮೇಲಕ್ಕೆ ಎತ್ತಲಿ. ಈ ಮಾತನ್ನು ಮನೆಯ ಹಿರಿಯರಿಗೆ ಚಿತ್ರ ಬರೆದು ವಿವರಿಸಬಲ್ಲವರು ನಾವೇ. ಪರೀಕ್ಷೆಯ ಐದು ಅಂಕಕ್ಕಿಂತ ಅದು ದೊಡ್ಡದು.