ಅಮೆರಿಕದಲ್ಲಿ ಹದಿನೇಳಕ್ಕೇ ಡಾಕ್ಟರ್ ಸೀಟು: ಒಪ್ಪುವ ಮುನ್ನ ನೋಡಬೇಕಾದ ಲೆಕ್ಕ

ಬೆಳಗಾವಿ, ಹುಬ್ಬಳ್ಳಿ, ಹಾಸನ, ಮೂಡುಬಿದಿರೆ ಕಡೆಯ ಅನೇಕ ಜೈನ ಕುಟುಂಬಗಳ ಮಕ್ಕಳು ಅಮೆರಿಕದಲ್ಲಿ ನೆಲೆಸಿದ್ದಾರೆ. ಅಲ್ಲಿನ ಮೊಮ್ಮಕ್ಕಳು ಡಾಕ್ಟರ್ ಓದುತ್ತೇವೆ ಎಂದಾಗ ಊರಿನ ಹಿರಿಯರ ಕಿವಿಗೆ 'ಬಿಎಸ್-ಎಂಡಿ' ಎಂಬ ಹೆಸರು ಬೀಳುತ್ತದೆ. ಹನ್ನೆರಡನೇ ತರಗತಿ ಮುಗಿಯುವಾಗಲೇ ಪದವಿ ಮತ್ತು ವೈದ್ಯಕೀಯ ಎರಡಕ್ಕೂ ಸೀಟು ಕೊಡುವ ಜೋಡಿ ಕೋರ್ಸು ಇದು. ಸೀಟು ಸಿಕ್ಕಿತೆಂದರೆ "ಕೈಗೆ ಬಂದ ತುತ್ತು ಬಿಡಬೇಡಿ" ಎಂದು ಹಿರಿಯರು ಹೇಳುವುದು ಸಹಜ. ಆದರೆ ಈ ಸಲಹೆ ನಮ್ಮ ನೀಟ್ ಪರೀಕ್ಷೆಯ ಭಯದಿಂದ ಹುಟ್ಟಿದ್ದು. ಅಲ್ಲಿನ ಲೆಕ್ಕ ಬೇರೆ ಇದೆ.

ನಮ್ಮಲ್ಲಿ ಪಿಯುಸಿ ಆದ ಕೂಡಲೇ ಎಂಬಿಬಿಎಸ್. ಹೌಸ್ ಸರ್ಜನ್ ವರ್ಷವೂ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷ ಪದವಿ, ಎಂಕ್ಯಾಟ್ ಪ್ರವೇಶ ಪರೀಕ್ಷೆ, ಆಮೇಲೆ ನಾಲ್ಕು ವರ್ಷ ವೈದ್ಯಕೀಯ. ಅಲ್ಲಿನ ಎಂಡಿ ಎಂದರೆ ನಮ್ಮ ಎಂಬಿಬಿಎಸ್ ಇದ್ದ ಹಾಗೆ, ಮೊದಲ ವೈದ್ಯ ಪದವಿ. ಅದರ ನಂತರ ಮೂರರಿಂದ ಏಳು ವರ್ಷ ಆಸ್ಪತ್ರೆ ತರಬೇತಿ ಇದ್ದೇ ಇರುತ್ತದೆ.

ಜೋಡಿ ಕೋರ್ಸುಗಳು ಎಲ್ಲವೂ ಒಂದೇ ತರಹ ಇಲ್ಲ. ಮಿಸೌರಿ ರಾಜ್ಯದ ಕ್ಯಾನ್ಸಸ್ ಸಿಟಿಯ ಸರ್ಕಾರಿ ವಿಶ್ವವಿದ್ಯಾಲಯ 1971ರಿಂದ ಆರು ವರ್ಷದ ಕೋರ್ಸು ನಡೆಸುತ್ತಿದೆ. ಅಲ್ಲಿ ಎರಡು ವರ್ಷ ಉಳಿಯುತ್ತದೆ. ರೋಡ್ ಐಲ್ಯಾಂಡಿನ ಬ್ರೌನ್ ವಿಶ್ವವಿದ್ಯಾಲಯದ್ದು ಪೂರ್ತಿ ಎಂಟು ವರ್ಷ. ವರ್ಷ ಉಳಿಯದಿದ್ದರೂ ಎಂಕ್ಯಾಟ್ ಬರೆಯುವ ಚಿಂತೆ ಇಲ್ಲ. ಬೇರೆ ಕೆಲವು ಕಡೆ ಎಂಕ್ಯಾಟ್ ಬರೆದು ಇಂತಿಷ್ಟು ಅಂಕ ತರಲೇಬೇಕು, ಪದವಿಯಲ್ಲೂ ಗೊತ್ತುಪಡಿಸಿದ ಸರಾಸರಿ ಕಾಯ್ದುಕೊಳ್ಳಬೇಕು. ಆದ್ದರಿಂದ 'ಖಾತ್ರಿ ಸೀಟು' ಎಂಬ ಮಾತಿನ ಹಿಂದೆ ಯಾವ ಷರತ್ತುಗಳಿವೆ ಎಂದು ಓದಿ ತಿಳಿಯಬೇಕು.

ಈಗ ಭಯದ ಲೆಕ್ಕ ನೋಡೋಣ. ನಮ್ಮ ದೇಶದಲ್ಲಿ 2024ರಲ್ಲಿ 23 ಲಕ್ಷಕ್ಕೂ ಹೆಚ್ಚು ಮಕ್ಕಳು ನೀಟ್ ಬರೆದರು. ಎಂಬಿಬಿಎಸ್ ಸೀಟು ಇದ್ದದ್ದು ಒಂದು ಲಕ್ಷಕ್ಕೆ ಸ್ವಲ್ಪ ಮೇಲೆ. ಅಮೆರಿಕದಲ್ಲಿ ವರ್ಷಕ್ಕೆ ಸುಮಾರು 50 ಸಾವಿರ ಮಂದಿ ಎಂಡಿಗೆ ಅರ್ಜಿ ಹಾಕುತ್ತಾರೆ, ಸುಮಾರು 23 ಸಾವಿರ ಮಂದಿ ಸೇರುತ್ತಾರೆ. ಪದವಿಯಲ್ಲಿ ಹಿಂದೆ ಬಿದ್ದವರು ಅರ್ಜಿ ಹಾಕುವ ಮೊದಲೇ ದಾರಿ ಬಿಟ್ಟಿರುತ್ತಾರೆ, ಅದು ನಿಜ. ಹಾಗಿದ್ದರೂ ಜೋಡಿ ಕೋರ್ಸಿಗೆ ಆಯ್ಕೆಯಾಗುವಷ್ಟು ಜಾಣ ಮಗುವಿಗೆ ಸಾಮಾನ್ಯ ದಾರಿ ಮುಚ್ಚಿದ ಬಾಗಿಲೇನೂ ಅಲ್ಲ.

ಎರಡನೆಯದು ಹಣದ ಲೆಕ್ಕ. ಖಾಸಗಿ ವೈದ್ಯಕೀಯ ಕಾಲೇಜಿನಲ್ಲಿ ವಸತಿ, ಊಟ ಸೇರಿ ನಾಲ್ಕು ವರ್ಷಕ್ಕೆ ಮೂರು ಲಕ್ಷ ಡಾಲರ್ ದಾಟುವುದು ಸಾಮಾನ್ಯ. ಇದುವರೆಗೆ 'ಗ್ರ್ಯಾಡ್ ಪ್ಲಸ್' ಎಂಬ ಸರ್ಕಾರಿ ಸಾಲದಿಂದ ಪೂರ್ತಿ ಖರ್ಚು ತೂಗಿಸಬಹುದಿತ್ತು. 2025ರ ಜುಲೈ 4ರಂದು ಸಹಿಯಾದ ಕಾನೂನಿನ ಪ್ರಕಾರ, 2026ರ ಜುಲೈ 1ರಿಂದ ಹೊಸಬರಿಗೆ ಆ ಸಾಲ ಇಲ್ಲ. ವೈದ್ಯಕೀಯ ವಿದ್ಯಾರ್ಥಿಗೆ ಸರ್ಕಾರಿ ಸಾಲ ವರ್ಷಕ್ಕೆ 50 ಸಾವಿರ, ಒಟ್ಟು 2 ಲಕ್ಷ ಡಾಲರಿಗೆ ನಿಲ್ಲುತ್ತದೆ. ಉಳಿದದ್ದನ್ನು ಮನೆಯವರು ಕೊಡಬೇಕು, ಇಲ್ಲವೇ ಬ್ಯಾಂಕಿನಿಂದ ಹೆಚ್ಚಿನ ಬಡ್ಡಿಗೆ ತರಬೇಕು. ಊರಿನ ತೋಟ, ಅಂಗಡಿಯ ಮೇಲೆ ಕಣ್ಣು ಬೀಳುವುದು ಆಗಲೇ.

ಇದಕ್ಕೆ ಎದುರಾಗಿ ಇನ್ನೊಂದು ಬೆಳವಣಿಗೆ ಇದೆ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜು 2018ರಲ್ಲಿ ಬೋಧನಾ ಶುಲ್ಕವನ್ನೇ ತೆಗೆದುಹಾಕಿತು. 2024ರಲ್ಲಿ ರೂತ್ ಗಾಟ್ಸ್‌ಮನ್ ಎಂಬ ಮಹಿಳೆ ನೂರು ಕೋಟಿ ಡಾಲರ್ ದಾನ ಕೊಟ್ಟ ಮೇಲೆ ಆಲ್ಬರ್ಟ್ ಐನ್‌ಸ್ಟೈನ್ ಕಾಲೇಜೂ ಹಾಗೆಯೇ ಮಾಡಿತು. ಅದೇ ವರ್ಷ ಜಾನ್ಸ್ ಹಾಪ್ಕಿನ್ಸ್, ವರ್ಷಕ್ಕೆ 3 ಲಕ್ಷ ಡಾಲರಿಗಿಂತ ಕಡಿಮೆ ವರಮಾನದ ಮನೆಯ ಮಕ್ಕಳಿಗೆ ಶುಲ್ಕ ಇಲ್ಲವೆಂದಿತು. ಇಲ್ಲಿ ಸೀಟು ಸಿಗುವುದು ಬಲು ಕಷ್ಟ. ಆದರೆ ಪ್ರಯತ್ನ ಮಾಡಲೂ ಅವಕಾಶ ಬೇಕಲ್ಲ? ಹಲವು ಜೋಡಿ ಕೋರ್ಸುಗಳಲ್ಲಿ ಹೊರಗಿನ ಕಾಲೇಜಿಗೆ ಅರ್ಜಿ ಹಾಕಿದರೆ ಕಾಯ್ದಿಟ್ಟ ಸೀಟು ಹೋಗುತ್ತದೆ. ಮುಂಗಡ ಕೊಟ್ಟು ಮಾಲು ಹಿಡಿದ ವ್ಯಾಪಾರದ ಹಾಗೆ: ದರ ಏರಿದರೆ ಲಾಭ, ಬೇರೆ ಅಂಗಡಿಯಲ್ಲಿ ಅಗ್ಗವಾದರೆ ಕೈಕಟ್ಟು.

ಮೂರನೆಯದು ವೀಸಾ. ಎಚ್-1ಬಿ ಮೇಲೆ ಇರುವವರ ಮಕ್ಕಳಿಗೆ 21 ತುಂಬಿದರೆ ಎಚ್-4 ಮುಗಿಯುತ್ತದೆ. ಆಗ ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಪೌರತ್ವ ಅಥವಾ ಗ್ರೀನ್ ಕಾರ್ಡ್ ಇಲ್ಲದವರಿಗೆ ಸರ್ಕಾರಿ ಸಾಲ ಸಿಗುವುದಿಲ್ಲ, ಅನೇಕ ವೈದ್ಯಕೀಯ ಕಾಲೇಜುಗಳು ಅವರನ್ನು ಸೇರಿಸಿಕೊಳ್ಳುವುದೂ ಇಲ್ಲ. ಇಂಥ ಮಗುವಿಗೆ ಜೋಡಿ ಸೀಟಿನ ಬೆಲೆ ಹೆಚ್ಚು. ಆದರೆ ವೀಸಾ ಬದಲಾದಾಗಲೂ ಆ ಸೀಟು ಉಳಿಯುತ್ತದೆಯೇ ಎಂಬುದನ್ನು ಕಾಲೇಜಿನಿಂದ ಬರವಣಿಗೆಯಲ್ಲೇ ಪಡೆಯಬೇಕು. ಇಲ್ಲಿಂದ ಪಿಯುಸಿ ಮುಗಿಸಿ ನೇರವಾಗಿ ಹೋಗಬಯಸುವವರಿಗೂ ಇದೇ ತೊಡಕು. ಅವರಿಗೆ ತೆರೆದಿರುವ ಕೋರ್ಸುಗಳು ಬಹಳ ಕಡಿಮೆ.

ಕೊನೆಯದು ಮಗುವಿನ ಮನಸ್ಸು. ಹದಿನೇಳು ವರ್ಷಕ್ಕೆ ಸೇರಿದರೆ ತರಬೇತಿ ಮುಗಿಯುವಾಗ ಮೂವತ್ತು ಹತ್ತಿರವಾಗಿರುತ್ತದೆ. ಆಸ್ಪತ್ರೆಯಲ್ಲಿ ಕೆಲವು ತಿಂಗಳು ಸೇವೆ ಮಾಡಿ, ರೋಗಿಯ ನೋವು, ಡಾಕ್ಟರರ ರಾತ್ರಿ ಪಾಳಿ ಎರಡನ್ನೂ ಕಂಡ ಮೇಲೂ ಬೇಕೆನ್ನುವ ಮಗುವಿಗೆ ಈ ಕೋರ್ಸು ಒಳ್ಳೆಯದು. ಪರೀಕ್ಷೆಯ ಆತಂಕ ಇಲ್ಲದೆ ಓದಬಹುದು. ಅಂಕ ಬಂದಿದೆ, ಅಪ್ಪ ಅಮ್ಮನ ಆಸೆಯೂ ಅದೇ ಎಂದು ಹೊರಟ ಮಗುವಿಗೆ ಸಾಮಾನ್ಯ ಪದವಿಯ ನಾಲ್ಕು ವರ್ಷ ಯೋಚಿಸಲು ಸಿಗುವ ಸಮಯ. ಅದನ್ನು ನಷ್ಟ ಎನ್ನಲಾಗದು.

ಮೇ 1ರೊಳಗೆ ಉತ್ತರ ಹೇಳಬೇಕಾದ ಕಾಲೇಜುಗಳೇ ಹೆಚ್ಚು. ಅಷ್ಟರೊಳಗೆ ಮನೆಯವರು ಷರತ್ತು ಪತ್ರ, ಸಾಲದ ಮಿತಿ, ವೀಸಾ ಈ ಮೂರನ್ನೂ ಮುಂದಿಟ್ಟುಕೊಂಡು ಕೂರಬೇಕು. ಊರಿನ ಅಜ್ಜ ಅಜ್ಜಿ ಫೋನಿನಲ್ಲಿ "ಸೀಟು ಹಿಡಿ" ಎನ್ನುವ ಮೊದಲು "ನಿನಗೆ ಏನು ಬೇಕು ಮಗಾ?" ಎಂದು ಕೇಳಿದರೆ, ಆ ಮನೆಯ ತೀರ್ಮಾನ ಅರ್ಧ ಸರಿಯಾದಂತೆಯೇ.