ಖುಲಾಸೆಯಾದರೂ ‘ಬಾಕಿ’



ನಮ್ಮ ಬೀದಿಯ ಹುಡುಗನೊಬ್ಬ ಹೊಡೆದಾಟದ ಕೇಸಿನಲ್ಲಿ ಖುಲಾಸೆಯಾಗಿ ಎರಡು ವರ್ಷವಾಯಿತು. ಮೊನ್ನೆ ಪಾಸ್‌ಪೋರ್ಟ್ ಪರಿಶೀಲನೆಯಲ್ಲಿ ನೋಡಿದರೆ ಪೊಲೀಸ್ ದಾಖಲೆಯಲ್ಲಿ ಅದಿನ್ನೂ ‘ವಿಚಾರಣೆ ಬಾಕಿ’! ಆದರೆ ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ ಸಿಎನ್‌ಆರ್ ಸಂಖ್ಯೆ ಹಾಕಿದರೆ ಖುಲಾಸೆ ಎಂದೇ ಇದೆ.

ಪೊಲೀಸರ ದಾಖಲೆ ಜಾಲವಾದ ಸಿಸಿಟಿಎನ್‌ಎಸ್‌ನಲ್ಲಿ ತೀರ್ಪಿಗೆಂದೇ ಪ್ರತ್ಯೇಕ ನಮೂನೆಯಿದೆ. ನ್ಯಾಯಾಲಯ, ಠಾಣೆ, ಜೈಲುಗಳ ದಾಖಲೆ ಜೋಡಿಸಲು ಐಸಿಜೆಎಸ್ ವ್ಯವಸ್ಥೆಯೂ ಇದೆ. ಆದರೆ ಎಫ್‌ಐಆರ್ ಸಂಖ್ಯೆ, ವರ್ಷ, ಠಾಣೆ ಇವುಗಳಲ್ಲಿ ಒಂದು ತಪ್ಪಿದರೂ ಕೊಂಡಿ ಕಳಚಿತು. ನಾಲ್ವರು ಆರೋಪಿಗಳಿರುವ ಕೇಸಿನಲ್ಲಿ ಒಬ್ಬ ತಲೆಮರೆಸಿಕೊಂಡು ಅವನ ಕೇಸು ಬೇರ್ಪಟ್ಟರಂತೂ ಗೋಜಲು ಹೇಳತೀರದು.

ತೀರ್ಪಿನ ದಿನವೇ ಬೆಂಚ್ ಕ್ಲರ್ಕ್ ಪ್ರತಿ ಆರೋಪಿಯ ಫಲಿತಾಂಶವನ್ನು ಬೇರೆಬೇರೆಯಾಗಿ ನಮೂದಿಸಿ, ಕೋರ್ಟ್ ಕರ್ತವ್ಯದ ಪೇದೆಯಿಂದ ತಾಳೆ ನೋಡಿಸಿ ಸಹಿ ಪಡೆಯಲಿ.

– ಒಬ್ಬ ನಿವಾಸಿ, ತಣಿಸಂದ್ರ, ಬೆಂಗಳೂರು